ಮಂಗಳವಾರ, ಬುಧವಾರದ ರಾತ್ರಿ ಪಂದ್ಯಗಳು: ಮಿಡ್-ಅಮೆರಿಕನ್ ಕಾನ್ಫರೆನ್ಸ್ ಮುಂದಿನ ಒಪ್ಪಂದದಲ್ಲಿ ಏನನ್ನು ಕೇಳಬೇಕು?

ಟೊಲೀಡೊ ಕನ್ನಡಿಗ:

ಅಮೆರಿಕದ ಒಂದಷ್ಟು ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವಾದ ಮಿಡ್-ಅಮೆರಿಕನ್ ಕಾನ್ಫರೆನ್ಸ್ 2014ರಲ್ಲಿ ಕ್ರೀಡಾ ಚಾನೆಲ್ ಇಎಸ್‌ಪಿಎನ್ ಜೊತೆ ಮಾಡಿಕೊಂಡ ಹದಿಮೂರು ವರ್ಷಗಳ ಪ್ರಸಾರ ಒಪ್ಪಂದ 2026–27ರ ಸಾಲಿಗೆ ಮುಗಿಯುತ್ತದೆ. ಹೊಸ ಒಪ್ಪಂದದ ಮಾತು ಬಂದಾಗಲೆಲ್ಲ ಜನ ಮೊತ್ತ ಎಷ್ಟಾಗಬಹುದು ಎಂದು ಕೇಳುತ್ತಾರೆಯೇ ಹೊರತು, ವಾರದ ಯಾವ ದಿನ ಆಡಬೇಕು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಪ್ರಶ್ನೆ, ಆದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಕಾಲೇಜು ಮಟ್ಟದ ಅಮೆರಿಕನ್ ಫುಟ್‌ಬಾಲನ್ನು ಅಷ್ಟಾಗಿ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ಆಟ ಸಂಪ್ರದಾಯದಿಂದ ಶನಿವಾರದ್ದು. ಟೊಲೀಡೊ, ಬೌಲಿಂಗ್ ಗ್ರೀನ್, ಕೆಂಟ್ ಸ್ಟೇಟ್, ಆಕ್ರನ್, ಬಫಲೊ, ಬಾಲ್ ಸ್ಟೇಟ್ ಮೊದಲಾದ ವಿಶ್ವವಿದ್ಯಾಲಯಗಳಿರುವ ನಮ್ಮ ಕಾನ್ಫರೆನ್ಸ್ ಕೂಡ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಶನಿವಾರವೇ ಆಡುತ್ತದೆ. ನವೆಂಬರ್ ಬಂದೊಡನೆ ಪಂದ್ಯಗಳು ಮಂಗಳವಾರ, ಬುಧವಾರದ ರಾತ್ರಿಗೆ ಸರಿಯುತ್ತವೆ. ಸಂಜೆ ಏಳು ಅಥವಾ ಏಳೂವರೆಗೆ ಆರಂಭವಾದ ಪಂದ್ಯ ಮುಗಿಯುವಾಗ ಹನ್ನೊಂದರ ಹತ್ತಿರವಾಗುತ್ತದೆ. ಕಾನ್ಫರೆನ್ಸಿನ ಚಿಕ್ಕ ಹೆಸರಾದ ‘ಮ್ಯಾಕ್’ಗೆ ‘ಆಕ್ಷನ್’ ಸೇರಿಸಿ ಅಭಿಮಾನಿಗಳು ಪ್ರೀತಿಯಿಂದ ಇದನ್ನು ಮ್ಯಾಕ್ಷನ್ ಎನ್ನುತ್ತಾರೆ.

ಈ ವ್ಯವಸ್ಥೆ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಈಸ್ಟರ್ನ್ ಮಿಷಿಗನ್ ಇರುವ ಇಪ್ಸಿಲ್ಯಾಂಟಿಯ ಮಗ್ಗುಲಲ್ಲೇ ಆನ್ ಆರ್ಬರ್ ಇದೆ, ಅಲ್ಲಿನ ಮಿಷಿಗನ್ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಶನಿವಾರ ಮಧ್ಯಾಹ್ನ ಎರಡೂ ಕಡೆ ಪಂದ್ಯವಿದ್ದರೆ ಊರಿನ ಜನ, ವರದಿಗಾರರು, ಕ್ಯಾಮೆರಾಗಳು ಎತ್ತ ಹೋಗುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳವಾರ ರಾತ್ರಿ ಮಾತ್ರ ದೇಶದಲ್ಲಿ ಬೇರೆಲ್ಲೂ ಫುಟ್‌ಬಾಲ್ ಇರುವುದಿಲ್ಲ, ಆದ್ದರಿಂದ ಆಟದ ಹುಚ್ಚು ಇರುವವರೆಲ್ಲ ನಮ್ಮವರನ್ನೇ ನೋಡುತ್ತಾರೆ. ಈ ಲೆಕ್ಕಾಚಾರವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಒಂದೆರಡು ರಾತ್ರಿಗಳನ್ನು ಕೊಡುವುದು ಬೇರೆ, ನವೆಂಬರನ್ನು ಬಹುಪಾಲು ಒಪ್ಪಿಸಿಬಿಡುವುದು ಬೇರೆ. ಕೊನೆಯ ವರ್ಷದ ಆಟಗಾರರಿಗೆ ತವರಿನಲ್ಲಿ ಬೀಳ್ಕೊಡುವ ಪಂದ್ಯವಾಗಲಿ, ಕೆಂಟ್ ಮತ್ತು ಆಕ್ರನ್ ನಡುವೆ ವ್ಯಾಗನ್ ವೀಲ್ ಎಂಬ ಟ್ರೋಫಿಗಾಗಿ ನಡೆಯುವಂಥ ಹಳೆಯ ಪೈಪೋಟಿಯಾಗಲಿ ಬರುವುದು ಈ ತಿಂಗಳಲ್ಲೇ. ಟಿವಿಗೆ ಕೊಡುವ ರಾತ್ರಿಗಳಿಗೆ ಒಂದು ಮಿತಿ ಇರಬೇಕು, ಮತ್ತು ಮೊತ್ತದ ಮಾತಿಗೆ ಮೊದಲೇ ಆ ಮಿತಿಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ತಾವೆಲ್ಲ ಏನನ್ನುತ್ತೀರಿ?

ಬೋಧನಾ ಸಹಾಯಕಿ:

ಈ ಕಾನ್ಫರೆನ್ಸಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಪಿಎಚ್‌.ಡಿ. ಮಾಡುತ್ತಾ ಪದವಿ ತರಗತಿಗಳಿಗೆ ಕಲಿಸುತ್ತೇನೆ. ಫುಟ್‌ಬಾಲ್ ತಂಡದ ಹುಡುಗರು ನನ್ನ ತರಗತಿಗಳಲ್ಲೂ ಇರುತ್ತಾರೆ. ಆದ್ದರಿಂದ ಟಿವಿಯಲ್ಲಿ ಕಾಣದ ಭಾಗವನ್ನು ಹೇಳುವುದು ನನ್ನ ಪಾಲಿಗೆ ಬಂದಿದೆ.

ಶನಿವಾರ ಪರ ಊರಿನಲ್ಲಿ ಪಂದ್ಯವಿದ್ದರೆ ತಂಡ ಶುಕ್ರವಾರ ಹೊರಡುತ್ತದೆ, ತಪ್ಪುವುದು ಒಂದು ದಿನದ ತರಗತಿ. ಮಂಗಳವಾರ ರಾತ್ರಿ ಪಂದ್ಯವಿದ್ದರೆ ಸೋಮವಾರವೇ ಹೊರಡಬೇಕು, ಮಂಗಳವಾರ ಪೂರ್ತಿ ಹೋಯಿತು, ಬುಧವಾರ ನಸುಕಿನಲ್ಲಿ ಊರು ಸೇರಿದವರು ಬೆಳಗಿನ ತರಗತಿಗೆ ಬಂದರೂ ಕಣ್ಣು ತೆರೆದಿರುವುದಿಲ್ಲ. ಅದೂ ನವೆಂಬರಿನಲ್ಲಿ, ಪ್ರಾಜೆಕ್ಟ್ ವರದಿಗಳೂ ಸೆಮಿಸ್ಟರಿನ ಕೊನೆಯ ಪಾಠಗಳೂ ಒಟ್ಟಿಗೆ ಬೀಳುವ ಹೊತ್ತಿನಲ್ಲಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ 2025ರಲ್ಲಿ ಕಾನ್ಫರೆನ್ಸಿಗೆ ಸೇರಿದ ಮೇಲೆ ದೂರಗಳೂ ಬೆಳೆದಿವೆ. ಅದಿರುವ ಆಮ್ಹರ್ಸ್ಟ್‌ನಿಂದ ವೆಸ್ಟರ್ನ್ ಮಿಷಿಗನ್ ಇರುವ ಕಲಮಜೂಗೆ 700 ಮೈಲಿಗೂ ಹೆಚ್ಚಿನ ದಾರಿ.

ನಿಯಮಗಳ ಕಡೆಯಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವಿದ್ಯಾರ್ಥಿ ಆಟಗಾರನ ಕಡ್ಡಾಯ ಅಭ್ಯಾಸ, ಸಭೆ, ಪಂದ್ಯ ಎಲ್ಲ ಸೇರಿ ವಾರಕ್ಕೆ 20 ಗಂಟೆ ಮೀರಬಾರದು ಎಂದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಹೇಳುತ್ತದೆ. ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ಹೋದರೂ ಅದನ್ನು ಮೂರು ಗಂಟೆ ಎಂದೇ ಲೆಕ್ಕ ಹಿಡಿಯಲಾಗುತ್ತದೆ, ಪ್ರಯಾಣದ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಶನಿವಾರದ ಆಟವನ್ನು ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ ಇದು ಎಂದು ನನಗನ್ನಿಸುತ್ತದೆ. ಅದನ್ನು ವಾರದ ನಡುವಿಗೆ ತಂದರೆ ಅದರಿಂದ ಹೊರಗುಳಿದ ಗಂಟೆಗಳೆಲ್ಲ ಪಾಠದ ಗಂಟೆಗಳೇ ಆಗಿರುತ್ತವೆ.

ತವರಿನ ಪಂದ್ಯವಿದ್ದಾಗ ಆವರಣದಲ್ಲಿರುವವರೆಲ್ಲರಿಗೂ ಬಿಸಿ ತಟ್ಟುತ್ತದೆ. ನಮ್ಮಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಸುತ್ತಲ ಊರುಗಳಿಂದ ಕಾರಿನಲ್ಲಿ ಬಂದು ಹೋಗುವವರು. ಕ್ರೀಡಾಂಗಣದ ಸುತ್ತಲ ಪಾರ್ಕಿಂಗನ್ನು ಮಧ್ಯಾಹ್ನವೇ ಖಾಲಿ ಮಾಡಬೇಕೆಂದು ನೋಟಿಸ್ ಬರುತ್ತದೆ, ತೆಗೆಯದ ಕಾರನ್ನು ಎಳೆದೊಯ್ಯುತ್ತಾರೆ. ಹಗಲು ಕೆಲಸ ಮಾಡಿ ಸಂಜೆಯ ಲ್ಯಾಬಿಗೆ ಬರುವವರು ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಆ ನೋಟಿಸಿನಲ್ಲಿ ಉತ್ತರವಿರುವುದಿಲ್ಲ. ಆಟದ ವಿಭಾಗದ ಖರ್ಚಿಗೆ ಶುಲ್ಕ ಕಟ್ಟುವವರಲ್ಲಿ ಅವರೂ ಇದ್ದಾರೆ.

ಡೆಟ್ರಾಯಿಟ್ ವೀಕ್ಷಕ:

ಮೇಡಂ ಹೇಳಿದ ತೊಂದರೆಗಳು ನಿಜ. ಆದರೂ ಈ ರಾತ್ರಿಗಳು ಇಲ್ಲದಿದ್ದರೆ ಈ ತಂಡಗಳ ಗತಿ ಏನಾಗುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

1984ರವರೆಗೆ ಯಾವ ಪಂದ್ಯ ಟಿವಿಯಲ್ಲಿ ಬರಬೇಕು, ಒಂದು ತಂಡ ಎಷ್ಟು ಸಲ ಕಾಣಿಸಿಕೊಳ್ಳಬಹುದು ಎಂಬುದನ್ನೆಲ್ಲ ಎನ್‌ಸಿಎಎ ತಾನೇ ತೀರ್ಮಾನಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 7–2ರ ತೀರ್ಪಿನಿಂದ ಆ ಏಕಸ್ವಾಮ್ಯವನ್ನು ಮುರಿಯಿತು. ಭಿನ್ನಾಭಿಪ್ರಾಯ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಸ್ವತಃ ಒಂದು ಕಾಲದಲ್ಲಿ ಕಾಲೇಜು ಫುಟ್‌ಬಾಲಿನ ದೊಡ್ಡ ಆಟಗಾರರಾಗಿದ್ದವರು. ತೀರ್ಪಿನ ನಂತರ ಮಾರುಕಟ್ಟೆ ತೆರೆಯಿತು, ಶನಿವಾರದ ಒಳ್ಳೆಯ ಹೊತ್ತೆಲ್ಲ ದೊಡ್ಡ ಕಾನ್ಫರೆನ್ಸುಗಳ ಪಾಲಾಯಿತು. ಉಳಿದವರು ಉಳಿದ ದಿನಗಳನ್ನು ಹುಡುಕಿಕೊಳ್ಳಬೇಕಾಯಿತು.

ಹಾಗೆ ಹುಡುಕಿಕೊಂಡವರಲ್ಲಿ ಲೂಯಿವಿಲ್‌ನದು ಎದ್ದು ಕಾಣುವ ಉದಾಹರಣೆ. ಅಲ್ಲಿನ ಕ್ರೀಡಾ ನಿರ್ದೇಶಕ ಟಾಮ್ ಜೂರಿಚ್ ಅವರು ಟಿವಿ ಕೇಳಿದ ದಿನ ಆಡಲು ಒಪ್ಪಿದರು. 2006ರ ನವೆಂಬರ್ 2, ಗುರುವಾರ, ಲೂಯಿವಿಲ್ ತಂಡ ವೆಸ್ಟ್ ವರ್ಜೀನಿಯಾವನ್ನು 44–34ರಿಂದ ಸೋಲಿಸಿತು. ಮರುವಾರ, ನವೆಂಬರ್ 9ರ ಗುರುವಾರ, ಅದೇ ಲೂಯಿವಿಲ್ ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಎದುರು 28–25ರಿಂದ ಸೋತಿತು. ಸೋಲೇ ಕಾಣದ ಎರಡು ತಂಡಗಳ ಆ ಪಂದ್ಯಕ್ಕಾಗಿ ಎಂಪೈರ್ ಸ್ಟೇಟ್ ಕಟ್ಟಡದ ದೀಪಗಳು ರಟ್ಗರ್ಸ್‌ನ ಕೆಂಪು ಬಣ್ಣಕ್ಕೆ ತಿರುಗಿದ್ದವು. ಶನಿವಾರದ ಹತ್ತಾರು ಪಂದ್ಯಗಳ ನಡುವೆ ನಡೆದಿದ್ದರೆ ಅದಕ್ಕೆ ಅಷ್ಟು ಹೆಸರು ಬರುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ನಮ್ಮ ಕಾನ್ಫರೆನ್ಸಿನ ಮಾತಿಗೇ ಬಂದರೆ, 2011ರ ನವೆಂಬರ್ 1ರ ಮಂಗಳವಾರ ಟೊಲೀಡೊದ ಗ್ಲಾಸ್ ಬೌಲ್ ಕ್ರೀಡಾಂಗಣದಲ್ಲಿ ನಾರ್ದರ್ನ್ ಇಲಿನಾಯ್ 63–60ರಿಂದ ಗೆದ್ದ ಪಂದ್ಯವನ್ನು ನೆನಪಿಸಿಕೊಳ್ಳಿ. ಅದೇ ನಾರ್ದರ್ನ್ ಇಲಿನಾಯ್ ಮರುವರ್ಷ 15ನೇ ಶ್ರೇಯಾಂಕದೊಂದಿಗೆ ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯಗಳಲ್ಲಿ ಒಂದಾದ ಆರೆಂಜ್ ಬೌಲ್‌ಗೆ ಅರ್ಹತೆ ಪಡೆಯಿತು. ಶ್ರೇಯಾಂಕವನ್ನು ನಿರ್ಧರಿಸುವ ಮತಗಳಲ್ಲಿ ಕೋಚುಗಳ ಮತವೂ ಇತ್ತು, ಅವರಿಗೆ ಶನಿವಾರ ತಮ್ಮದೇ ಪಂದ್ಯಗಳಿರುತ್ತವೆ. ಮಂಗಳವಾರ ರಾತ್ರಿ ಟಿವಿ ಹಾಕಿದರೆ ಕಾಣುವ ತಂಡದ ಹೆಸರು ಅವರ ಮನಸ್ಸಿನಲ್ಲಿ ಉಳಿಯದೆ ಇರುತ್ತದೆಯೇ?

ಟೊಲೀಡೊ ಕನ್ನಡಿಗ:

63–60ರ ಆ ಪಂದ್ಯವನ್ನು ಈ ಊರಿನವರು ಮರೆಯುವುದು ಸಾಧ್ಯವಿಲ್ಲ. ಆದರೆ ಅದರ ನಂತರದ ಕಥೆಯನ್ನೂ ಪೂರ್ತಿಯಾಗಿ ಹೇಳಬೇಕಲ್ಲವೇ? ಆರೆಂಜ್ ಬೌಲ್ ಆಡುವ ಮೊದಲೇ ನಾರ್ದರ್ನ್ ಇಲಿನಾಯ್‌ನ ಕೋಚ್ ಡೇವ್ ಡೋರನ್ ಅವರು ನಾರ್ತ್ ಕೆರೊಲಿನಾ ಸ್ಟೇಟ್‌ಗೆ ಹೋದರು. 2016ರಲ್ಲಿ ವೆಸ್ಟರ್ನ್ ಮಿಷಿಗನ್ ತಂಡವನ್ನು 13–0ರ ದಾಖಲೆಯೊಂದಿಗೆ ಕಾಟನ್ ಬೌಲ್ ತನಕ ಒಯ್ದ ಪಿ.ಜೆ. ಫ್ಲೆಕ್ ಅವರು ಅದು ಮುಗಿದೊಡನೆ ಮಿನೆಸೋಟಕ್ಕೆ ಹೋದರು. ಅವರಿಬ್ಬರನ್ನೂ ನಾನು ದೂರುವುದಿಲ್ಲ, ಯಾರಾದರೂ ಹೋಗುತ್ತಿದ್ದರು. ನಾವು ಗಮನಿಸಬೇಕಾದದ್ದು, ರಾಷ್ಟ್ರದ ಕಣ್ಣಿಗೆ ಬಿದ್ದುದರ ಲಾಭ ಯಾರ ಜೊತೆ ಹೋಯಿತು ಎಂಬುದನ್ನು. ಆಟಗಾರರು ವಿಶ್ವವಿದ್ಯಾಲಯ ಬದಲಿಸಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಈಗ ಬಂದ ಮೇಲೆ ಕೋಚಿನ ಜೊತೆ ಆಟಗಾರರೂ ಹೊರಡುತ್ತಾರೆ. 2025ರ ಜೂನಿನಲ್ಲಿ ನ್ಯಾಯಾಲಯದಲ್ಲಿ ಅಂಗೀಕಾರವಾದ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದದ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ ಹಂಚಬಹುದು. ಅಷ್ಟು ಹಣ ಇರುವವರಿಗೆ ನಮ್ಮ ಬುಧವಾರದ ಪಂದ್ಯಗಳು ಒಳ್ಳೆಯ ಹುಡುಗರನ್ನು ಆರಿಸಿಕೊಳ್ಳುವ ಸಂತೆಯಾಗುತ್ತಿವೆ.

ಹಣದ ವಿಷಯವನ್ನೂ ಬಿಚ್ಚಿ ನೋಡೋಣ. 2014ರ ಒಪ್ಪಂದ ವರ್ಷಕ್ಕೆ ಸುಮಾರು 80 ಲಕ್ಷ ಡಾಲರಿನದು ಎಂದು ಆಗ ವರದಿಯಾಗಿತ್ತು. ಹನ್ನೆರಡು ಪಾಲು ಮಾಡಿದರೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಆರೂವರೆ ಲಕ್ಷದ ಆಸುಪಾಸು ಬರುತ್ತದೆ. 2024ರ ಸೆಪ್ಟೆಂಬರ್ 7ರಂದು ನಾರ್ದರ್ನ್ ಇಲಿನಾಯ್ ನೋಟ್ರೆ ಡೇಮ್‌ಗೆ ಹೋಗಿ 16–14ರಿಂದ ಗೆದ್ದಿತಲ್ಲ, ಆ ಒಂದು ಶನಿವಾರ ಅಲ್ಲಿ ಆಡಿದ್ದಕ್ಕೆ ಅದಕ್ಕೆ ಸಿಕ್ಕಿದ್ದು 14 ಲಕ್ಷ ಡಾಲರ್ ಎಂದು ವರದಿಯಾಯಿತು. ವರ್ಷವಿಡೀ ಟಿವಿಯಿಂದ ಬರುವ ಪಾಲಿಗಿಂತ ಒಂದು ಮಧ್ಯಾಹ್ನದ ಸಂಭಾವನೆ ಹೆಚ್ಚು. ದೊಡ್ಡ ಕಾನ್ಫರೆನ್ಸುಗಳಲ್ಲಿ ಒಂದಾದ ಬಿಗ್ ಟೆನ್ 2022ರಲ್ಲಿ ಮಾಡಿಕೊಂಡ ಏಳು ವರ್ಷಗಳ ಒಪ್ಪಂದ 700 ಕೋಟಿ ಡಾಲರಿಗೂ ಮಿಗಿಲು ಎಂಬುದನ್ನು ಪಕ್ಕದಲ್ಲಿಟ್ಟರೆ, ನಾವು ನವೆಂಬರನ್ನು ಎಷ್ಟಕ್ಕೆ ಕೊಟ್ಟಿದ್ದೇವೆ ಎಂಬುದು ತಿಳಿಯುತ್ತದೆ. ಹಣಕ್ಕಾಗಿ ಎಂದು ಯಾರೂ ಹೇಳುವಂತಿಲ್ಲ. ಹೆಸರಿಗಾಗಿ ಎಂದಾದರೆ ಆ ಹೆಸರು ಇಲ್ಲೇ ಉಳಿಯುವಂತೆ ಮಾಡಬೇಕು.

ಇನ್ನೊಂದು ಮಾತು. ಮೇಲಿನ ಸ್ತರದಲ್ಲಿ ಉಳಿಯಲು ತವರಿನ ಪಂದ್ಯಗಳಿಗೆ ಸರಾಸರಿ 15,000 ಪ್ರೇಕ್ಷಕರು ಬರಬೇಕೆಂಬ ನಿಯಮ ಮೊದಲು ಇತ್ತು. 2023ರಲ್ಲಿ ಅದನ್ನು ತೆಗೆದುಹಾಕಿದರು. ನವೆಂಬರಿನ ಬುಧವಾರ ರಾತ್ರಿ ಖಾಲಿ ಬೆಂಚುಗಳನ್ನು ಕಂಡು ಆತಂಕಪಡುವುದಕ್ಕೆ ಆಡಳಿತಗಾರರಿಗೆ ಇದ್ದ ಒಂದು ಕಾರಣವೂ ಅಲ್ಲಿಗೆ ಇಲ್ಲವಾಯಿತು.

ಬ್ಯಾಂಡ್ ಪೋಷಕ:

ನನ್ನ ಮಗಳು ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಆಟಗಾರರ ಕಷ್ಟದ ಬಗ್ಗೆ ಮೇಡಂ ಬರೆದಿದ್ದಾರೆ. ಬ್ಯಾಂಡಿನ ಮಕ್ಕಳ ಬಗ್ಗೆ ಮಾತನಾಡುವವರೇ ಇಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಎರಡು ಸರೋವರಗಳ ನಡುವಿನ ಈ ಪ್ರದೇಶದಲ್ಲಿ ನವೆಂಬರ್ ರಾತ್ರಿಯ ಗಾಳಿ ಹೇಗಿರುತ್ತದೆ ಎಂಬುದು ಇಲ್ಲಿ ವಾಸಿಸುವವರಿಗೆ ಗೊತ್ತು. ಚಳಿ ಹೆಚ್ಚಾದರೆ ಟ್ರಂಪೆಟ್ಟಿನ ವಾಲ್ವುಗಳು ಹೆಪ್ಪುಗಟ್ಟಿ ಒತ್ತಿದರೂ ಕೆಳಗಿಳಿಯುವುದಿಲ್ಲ, ಹಾಗಾಗಿ ಮಕ್ಕಳು ಹಾಫ್‌ಟೈಮ್ ಬರುವ ತನಕ ಅವುಗಳನ್ನು ಕೋಟಿನೊಳಗೆ ಹಿಡಿದು ಕೂರುತ್ತಾರೆ. ಮರದ ಕ್ಲಾರಿನೆಟ್ ಚಳಿಗೆ ಬಿರಿಯುತ್ತದೆಂದು ಮಗಳು ಪ್ಲಾಸ್ಟಿಕ್ಕಿನದನ್ನು ಒಯ್ಯುತ್ತಾಳೆ. ರಂಧ್ರಗಳ ಮೇಲೆ ಬೆರಳು ಸರಿಯಾಗಿ ಕೂರಬೇಕಾದ್ದರಿಂದ ಕೈಗವಸಿನ ತುದಿಗಳನ್ನು ಕತ್ತರಿಸಿಕೊಂಡಿದ್ದಾಳೆ. ಆಟದ ನಡುವೆ ಕೆಂಪು ಟೋಪಿ ಹಾಕಿದ ಒಬ್ಬರು ಮೈದಾನದ ಅಂಚಿಗೆ ಬಂದು ನಿಂತರೆ ಟಿವಿಯಲ್ಲಿ ಜಾಹೀರಾತು ನಡೆಯುತ್ತಿದೆ ಎಂದು ಅರ್ಥ, ಅವರು ಹಿಂದೆ ಸರಿಯುವ ತನಕ ಆಟ ಶುರುವಾಗುವುದಿಲ್ಲ. ಮನೆಯಲ್ಲಿ ನೋಡುವವರಿಗೆ ಆ ಹೊತ್ತು ಎದ್ದು ಕಾಫಿ ಮಾಡಿಕೊಳ್ಳಲು ಸಾಕು. ಗ್ಯಾಲರಿಯಲ್ಲಿ ಕೂತವರು ಆ ಹೊತ್ತನ್ನೆಲ್ಲ ಸುಮ್ಮನೆ ಚಳಿಯಲ್ಲಿ ಕಳೆಯಬೇಕು, ರಾತ್ರಿ ಪಂದ್ಯ ಅಷ್ಟು ತಡವಾಗಿ ಮುಗಿಯುವುದಕ್ಕೆ ಅದೂ ಒಂದು ಕಾರಣ. ವಾದ್ಯಗಳನ್ನು ಒಳಗಿಟ್ಟು, ಸಮವಸ್ತ್ರ ಮರಳಿಸಿ ಆಕೆ ಕೋಣೆ ಸೇರುವಾಗ ನಡುರಾತ್ರಿ, ಬೆಳಗ್ಗೆ ಎಂಟಕ್ಕೆ ರಸಾಯನಶಾಸ್ತ್ರದ ಪರೀಕ್ಷೆ.

ಆಕೆಗೆ ಬ್ಯಾಂಡ್ ಬಿಡುವ ಮನಸ್ಸಿಲ್ಲ, ಬಿಡು ಎಂದು ನಾನೂ ಹೇಳುವುದಿಲ್ಲ. ಆದರೆ ಹಾಫ್‌ಟೈಮಿನಲ್ಲಿ ಟಿವಿ ಅವರನ್ನು ತೋರಿಸುವುದೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ. ಆ ಹೊತ್ತಿನಲ್ಲಿ ಸ್ಟುಡಿಯೊದಲ್ಲಿ ಕೂತವರ ಮಾತೇ ಇರುತ್ತದೆ.

ಧಾರವಾಡದ ಓದುಗ:

ನನ್ನ ತಮ್ಮ ಆಕ್ರನ್‌ನಲ್ಲಿ ಓದುತ್ತಿರುವುದರಿಂದ ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಆತ ಸ್ಕೋರ್ ಕಳಿಸುವ ಹೊತ್ತಿಗೆ ನಮಗಿಲ್ಲಿ ಬುಧವಾರ ಬೆಳಗಾಗಿರುತ್ತದೆ. ಒಂದು ಸಂದೇಹ: ವಾರದ ನಡುವೆ ಇಷ್ಟೆಲ್ಲ ತೊಂದರೆಯಾಗುವುದಾದರೆ ಶುಕ್ರವಾರ ರಾತ್ರಿ ಏಕೆ ಆಡಬಾರದು? ಮರುದಿನ ತರಗತಿಯೂ ಇರುವುದಿಲ್ಲ.

ಡೆಟ್ರಾಯಿಟ್ ವೀಕ್ಷಕ:

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಸರ್. ಇದರ ಬೇರು 1961ರ ಕ್ರೀಡಾ ಪ್ರಸಾರ ಕಾಯ್ದೆಯಲ್ಲಿದೆ. ವೃತ್ತಿಪರ ಲೀಗುಗಳು ತಮ್ಮ ತಂಡಗಳ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರಲು ಆ ಕಾಯ್ದೆ ಅನುಮತಿ ಕೊಟ್ಟಿತು. ಅದಕ್ಕೆ ಪ್ರತಿಯಾಗಿ, ಸೆಪ್ಟೆಂಬರಿನ ಎರಡನೇ ಶುಕ್ರವಾರದಿಂದ ಡಿಸೆಂಬರಿನ ಎರಡನೇ ಶನಿವಾರದ ತನಕ ಶುಕ್ರವಾರ ಸಂಜೆ ಆರರ ನಂತರ ಮತ್ತು ಶನಿವಾರ, ಶಾಲೆ ಅಥವಾ ಕಾಲೇಜು ಪಂದ್ಯ ನಡೆಯುವ ಜಾಗದಿಂದ 75 ಮೈಲಿಯೊಳಗಿನ ಕೇಂದ್ರದಿಂದ ವೃತ್ತಿಪರ ಫುಟ್‌ಬಾಲ್ ಪ್ರಸಾರ ಮಾಡಿದರೆ ಆ ಅನುಮತಿ ಇರುವುದಿಲ್ಲ ಎಂದಿತು. ಹೀಗೆ ಶನಿವಾರ ಕಾಲೇಜುಗಳಿಗೆ, ಶುಕ್ರವಾರ ರಾತ್ರಿ ಹೈಸ್ಕೂಲುಗಳಿಗೆ ಉಳಿಯಿತು. ಕಾಯ್ದೆ ಕಾಲೇಜುಗಳನ್ನು ಶುಕ್ರವಾರ ಆಡದಂತೆ ತಡೆಯುವುದಿಲ್ಲ, ತಡೆಯುವುದು ರೂಢಿ. ಒಹಾಯೊ, ಮಿಷಿಗನ್ನಿನ ಸಣ್ಣ ಊರುಗಳಲ್ಲಿ ಶುಕ್ರವಾರ ರಾತ್ರಿ ಇಡೀ ಊರೇ ಶಾಲೆಯ ಮೈದಾನದಲ್ಲಿರುತ್ತದೆ, ನಮ್ಮ ಕೋಚುಗಳು ಮುಂದಿನ ಆಟಗಾರರನ್ನು ನೋಡಿಕೊಂಡು ಬರುವುದೂ ಅಲ್ಲಿಂದಲೇ. ಬಿಗ್ ಟೆನ್ 2017ರಲ್ಲಿ ಶುಕ್ರವಾರಕ್ಕೆ ಕೈ ಹಾಕಿದಾಗ ಶಾಲಾ ಕ್ರೀಡಾ ಸಂಘಗಳು ಬಲವಾಗಿ ವಿರೋಧಿಸಿದ್ದವು.

ಗುರುವಾರ ಒಂದು ಕಾಲಕ್ಕೆ ಕಾಲೇಜುಗಳದೇ ಆಗಿತ್ತು. ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ 2006ರಲ್ಲಿ ಗುರುವಾರದ ಪಂದ್ಯಗಳನ್ನು ತನ್ನ ಚಾನೆಲ್ಲಿನಲ್ಲಿ ಆರಂಭಿಸಿ, 2012ರಲ್ಲಿ ಬಹುತೇಕ ಇಡೀ ಋತುವಿಗೆ ವಿಸ್ತರಿಸಿತು. ಭಾನುವಾರ, ಸೋಮವಾರ ಹೇಗೂ ಅದರದೇ. ಉಳಿದದ್ದು ಮಂಗಳವಾರ ಮತ್ತು ಬುಧವಾರ ಮಾತ್ರ.

ಈ ಎರಡು ದಿನಗಳಿಗೂ ಈಗ ಪೈಪೋಟಿ ಹೆಚ್ಚುತ್ತಿದೆ ಎಂಬುದನ್ನು ಟೊಲೀಡೊ ಕನ್ನಡಿಗರು ಗಮನಕ್ಕೆ ತಂದುಕೊಳ್ಳಬೇಕು. ಸನ್ ಬೆಲ್ಟ್ ಕಾನ್ಫರೆನ್ಸ್ ಅಕ್ಟೋಬರಿನಲ್ಲಿ ವಾರದ ನಡುವೆ ಆಡುತ್ತದೆ. 2021ರ ಅಕ್ಟೋಬರ್ 20ರ ಬುಧವಾರ ಅಪಲಾಚಿಯನ್ ಸ್ಟೇಟ್ ಅಜೇಯವಾಗಿದ್ದ ಕೋಸ್ಟಲ್ ಕೆರೊಲಿನಾವನ್ನು 30–27ರಿಂದ ಸೋಲಿಸಿದ ರಾತ್ರಿ ಬೂನ್ ಊರಿನ ಕ್ರೀಡಾಂಗಣ ಕಿಕ್ಕಿರಿದಿತ್ತು. ಬುಧವಾರವೆಂದರೆ ಗ್ಯಾಲರಿ ಖಾಲಿ ಎಂದು ತೀರ್ಮಾನಿಸುವವರಿಗೆ ಅದೊಂದು ಉತ್ತರ. ಕಾನ್ಫರೆನ್ಸ್ ಯುಎಸ್ಎ 2023ರಿಂದ ಅಕ್ಟೋಬರ್ ತಿಂಗಳನ್ನೇ ವಾರದ ನಡುವಿನ ರಾತ್ರಿಗಳಿಗೆ ಮೀಸಲಿಟ್ಟಿದೆ. ಇದರ ಮೇಲೆ, 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಾಜ್ಯ ರಾಜ್ಯಗಳಲ್ಲಿ ಪಂದ್ಯಗಳ ಮೇಲೆ ಬಾಜಿ ಕಟ್ಟುವುದು ಕಾನೂನುಬದ್ಧವಾಗುತ್ತಾ ಬಂದು 2023ರ ಜನವರಿ 1ರಿಂದ ಒಹಾಯೊದಲ್ಲೂ ಜಾರಿಯಾಗಿರುವುದರಿಂದ, ಬೇರೆ ಪಂದ್ಯವಿಲ್ಲದ ರಾತ್ರಿಯ ಬೆಲೆ ಪ್ರಸಾರಕರ ಕಣ್ಣಿನಲ್ಲಿ ಏರಿದೆ. ನಾವು ನವೆಂಬರನ್ನು ಬಿಟ್ಟುಕೊಟ್ಟರೆ ಮರುದಿನವೇ ಬೇರೆಯವರು ಅಲ್ಲಿ ಕೂರುತ್ತಾರೆ.

ಟೊಲೀಡೊ ಕನ್ನಡಿಗ:

ಪೂರ್ತಿ ಬಿಟ್ಟುಕೊಡಬೇಕೆಂದು ನಾನು ಎಲ್ಲೂ ಹೇಳಿಲ್ಲ. ಆ ರಾತ್ರಿಯ ಬೆಲೆ ಏರಿದೆ ಎಂದು ತಾವೇ ಹೇಳುತ್ತಿದ್ದೀರಿ. ಬೆಲೆ ಏರಿದ ವಸ್ತು ನಮ್ಮ ಕೈಯಲ್ಲಿರುವಾಗಲೇ ಷರತ್ತು ಹಾಕಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕೆ?

ನಾನಾಗಿದ್ದರೆ ಮೊದಲು ಕೇಳುವುದು, ನವೆಂಬರಿನಲ್ಲಿ ಪ್ರತಿ ತಂಡಕ್ಕೂ ತವರಿನಲ್ಲಿ ಕನಿಷ್ಠ ಒಂದು ಶನಿವಾರ, ಮತ್ತು ಅದು ಕೊನೆಯ ವರ್ಷದ ಆಟಗಾರರನ್ನು ಬೀಳ್ಕೊಡುವ ಪಂದ್ಯವಾಗಿರಬೇಕು. ಆ ಮಕ್ಕಳ ತಂದೆತಾಯಂದಿರಲ್ಲಿ ಹಲವರು ಕೆಲಸಕ್ಕೆ ರಜೆ ಹಾಕದೆ ಮಂಗಳವಾರ ಬರಲಾರರು. ಎರಡನೆಯದಾಗಿ, ವಾರದ ನಡುವೆ ಆಡಲೇಬೇಕಾದಾಗ ಆದಷ್ಟೂ ಹತ್ತಿರದ ತಂಡಗಳನ್ನು ಜೋಡಿ ಮಾಡಬೇಕು. ಟೊಲೀಡೊದಿಂದ ಬೌಲಿಂಗ್ ಗ್ರೀನ್‌ಗೆ ಅರ್ಧ ಗಂಟೆಯ ದಾರಿ, ಆಕ್ರನ್‌ನಿಂದ ಕೆಂಟ್‌ಗೆ ಇನ್ನೂ ಕಡಿಮೆ. ಆ ರಾತ್ರಿ ಎಲ್ಲರೂ ತಮ್ಮ ಹಾಸಿಗೆಯಲ್ಲೇ ಮಲಗುತ್ತಾರೆ, ಮೇಡಂ ಹೇಳಿದ ಸೋಮವಾರದ ತರಗತಿಯೂ ಉಳಿಯುತ್ತದೆ. ಬಫಲೊ, ಆಮ್ಹರ್ಸ್ಟ್ ಕಡೆಯ ದೂರದ ಪ್ರಯಾಣಗಳನ್ನು ಶನಿವಾರಕ್ಕೆ ಇಡಬೇಕು. ಹಾಫ್‌ಟೈಮಿನಲ್ಲಿ ಎರಡು ನಿಮಿಷವಾದರೂ ಬ್ಯಾಂಡನ್ನು ತೋರಿಸಬೇಕೆಂಬುದನ್ನು ಇಂದು ಈ ಪಟ್ಟಿಗೆ ಸೇರಿಸಿಕೊಂಡಿದ್ದೇನೆ.

ಬೋಧನಾ ಸಹಾಯಕಿ:

ಹತ್ತಿರದ ತಂಡಗಳ ಜೋಡಿ ಎಂಬುದು ನನಗೆ ಎಲ್ಲಕ್ಕಿಂತ ಸರಿ ಎನಿಸುತ್ತದೆ. ಅದರ ಜೊತೆಗೆ ಇನ್ನೊಂದನ್ನು ಕೇಳಿಕೊಳ್ಳುತ್ತೇನೆ: ನವೆಂಬರಿನ ಯಾವ ರಾತ್ರಿ ಯಾರ ತವರಿನಲ್ಲಿ ಪಂದ್ಯ ಎಂಬುದು ಆಗಸ್ಟ್ ತಿಂಗಳೊಳಗೆ, ಅಂದರೆ ನಾವು ಪಠ್ಯಯೋಜನೆ ಅಚ್ಚು ಹಾಕುವ ಮೊದಲು, ಬೋಧಕರ ಕೈಗೆ ಸಿಗಬೇಕು. ದಿನಾಂಕ ಮೊದಲೇ ಗೊತ್ತಿದ್ದರೆ ಆ ವಾರದ ಪರೀಕ್ಷೆಯನ್ನು ನಾನೇ ಶುಕ್ರವಾರಕ್ಕೆ ಹಾಕುತ್ತೇನೆ. ಆಟಗಾರರಿಗೂ ಬ್ಯಾಂಡಿನವರಿಗೂ ಬೇರೆ ಬೇರೆಯಾಗಿ ಮರುಪರೀಕ್ಷೆ ಮಾಡುವ ಅಗತ್ಯವೇ ಬೀಳುವುದಿಲ್ಲ.

ಡೆಟ್ರಾಯಿಟ್ ವೀಕ್ಷಕ:

ಹತ್ತಿರದ ಜೋಡಿಗಳಿಗೆ ಪ್ರಸಾರಕರು ಬೇಗ ಒಪ್ಪುತ್ತಾರೆ ಎಂದು ನನ್ನ ಅಂದಾಜು, ಏಕೆಂದರೆ ಪೈಪೋಟಿಯ ಪಂದ್ಯವೇ ಅವರಿಗೂ ಬೇಕು ಮತ್ತು ಅದಕ್ಕೆ ಗ್ಯಾಲರಿಯೂ ತುಂಬಿರುತ್ತದೆ. ಬೀಳ್ಕೊಡುವ ಶನಿವಾರಕ್ಕೆ ಮಾತ್ರ ಜಗ್ಗಾಟ ನಡೆಯುತ್ತದೆ. ನವೆಂಬರಿನ ಮಂಗಳವಾರ ಇಎಸ್‌ಪಿಎನ್ ತನ್ನ ಮುಖ್ಯ ಚಾನೆಲ್ಲಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಪ್ಲೇಆಫ್ ಶ್ರೇಯಾಂಕವನ್ನು ಪ್ರಕಟಿಸುತ್ತದೆ, ಅದನ್ನು ನೋಡಲು ಬಂದವರನ್ನು ಆ ರಾತ್ರಿಯೆಲ್ಲ ಹಿಡಿದಿಡಲು ನಮ್ಮ ಪಂದ್ಯಗಳು ಅದಕ್ಕೆ ಬೇಕು. ಒಂದು ವಾರ ತಪ್ಪಿದರೂ ಅದು ಬೆಲೆ ಇಳಿಸುವ ಮಾತಾಡುತ್ತದೆ. ಹಾಗೆ ಇಳಿದರೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಎಷ್ಟು ಕಡಿಮೆಯಾದೀತು ಎಂಬ ಲೆಕ್ಕವನ್ನು ಕಾನ್ಫರೆನ್ಸಿನ ಅಧ್ಯಕ್ಷರ ಸಭೆ ಮೊದಲೇ ಮಾಡಿಟ್ಟುಕೊಳ್ಳಲಿ. ತಾವು ಕೊಟ್ಟ ಅಂಕಿಗಳನ್ನೇ ನೋಡಿದರೆ, ಸೆಪ್ಟೆಂಬರಿನ ಒಂದು ದೊಡ್ಡ ಪಂದ್ಯದ ಸಂಭಾವನೆಯಲ್ಲಿ ಆ ಕೊರತೆ ತುಂಬಿ ಇನ್ನೂ ಉಳಿಯುತ್ತದೆ.